ಬಾಯಿಗೆ ಮುಟ್ಟದ ತುತ್ತು

ರಾಯಚೂರಿನ ತೀನ್ ಕಂದೀಲ್ ಹತ್ತಿರದ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಾಲಿನವನ ಸೈಕಲ್ಲು ಈಗಷ್ಟೇ ಹೋಗಿದೆ. ಅರ್ಧ ಎತ್ತಿದ ಶಟರಿನ ಕೆಳಗೆ ಬಗ್ಗಿ ಒಳಗೆ ಹೋದರೆ ಒಂದು ಉದ್ದನೆಯ ಮೇಜು, ಹಳೆಯ ಟಿ.ವಿ.ಗಳು, ಗೋಡೆಯುದ್ದಕ್ಕೂ ಜೋಡಿಸಿಟ್ಟ ಕ್ಯಾಸೆಟ್ಟುಗಳು. ತಲೆಯ ಮೇಲೆ ದುಪಟ್ಟಾ ಹೊದ್ದು ಮೇಜಿನ ಮುಂದೆ ಕೂತಿರುವ ಹೆಣ್ಣುಮಗಳು, ಅವರ ಕಸುಬಿನ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನನ್ನತ್ತ ತಿರುಗದೆ, ಕೂತುಕೊಳ್ಳಿ ಎಂದು ಕೈಯಲ್ಲೇ ತೋರಿಸುತ್ತಾರೆ. ಸ್ಟೂಲಿನ ಮೇಲೆ ಕೂರುತ್ತೇನೆ. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಗಂಡಸೊಬ್ಬ ಕೆಮ್ಮುತ್ತಾನೆ.

ತಿರುಗಿ ನೋಡುತ್ತೇನೆ. ಯಾರೂ ಇಲ್ಲ. ಗೋಡೆ ಮಾತ್ರ ಇದೆ. ಮತ್ತೊಮ್ಮೆ ಕೆಮ್ಮು, ಅದರ ಹಿಂದೆಯೇ ಒಂದು ದಪ್ಪ ದನಿ: "ಈ ಕಡಿ ನೋಡ್ರಿ... ಹಾಂ, ಹಂಗ. ಈಟು ನಗ್ರಿ."

"ಹೆದರಬ್ಯಾಡ್ರಿ ಸರ್, ನಮ್ಮ ಅಬ್ಬಾ ಅವರು," ಎನ್ನುತ್ತಾರೆ ಹೆಣ್ಣುಮಗಳು. "ತೀರಿಕೊಂಡು ಭಾಳ ವರ್ಷ ಆತು. ಸ್ಪೀಕರ್ ನಿಮ್ಮ ಹಿಂದ ಅದ, ಅಷ್ಟ."

ಇವರೇ ತಹಸೀನ್. ವಯಸ್ಸು ನಲವತ್ತರ ಆಸುಪಾಸು. ಹಳೆಯ ಮದುವೆ ಕ್ಯಾಸೆಟ್ಟುಗಳನ್ನು ಡಿಸ್ಕಿಗೆ ಇಳಿಸಿಕೊಡುವುದು ಇವರ ಕಸುಬು. ಅಂಗಡಿಗೆ ಬೋರ್ಡಿಲ್ಲ. ಆದರೂ ಮಾನ್ವಿಯಿಂದ, ದೇವದುರ್ಗದಿಂದ, ಅದಕ್ಕೂ ಆಚೆಯ ಹೊಳೆದಂಡೆಯ ಹಳ್ಳಿಗಳಿಂದ ಜನ ಕೇಳಿಕೊಂಡು ಬರುತ್ತಾರೆ. ಈ ಕಾಲದಲ್ಲಿ ಡಿಸ್ಕ್ ಯಾರಿಗೆ ಬೇಕು ಎಂದು ನೀವು ಕೇಳಬಹುದು. ನಾನೂ ಅದನ್ನೇ ಕೇಳಿದೆ. ಫೋನಿಗೇ ಹಾಕಿಕೊಟ್ಟರಾಯಿತಲ್ಲ?

"ಫೋನ್ ಮಗನ ಕಿಸೆದಾಗ ಇರ್ತದ, ಮಗ ಹೊಲದಾಗ ಇರ್ತಾನ. ಮುದುಕಿಗೆ ಗಂಡನ ನೆನಪಾದ್ರ ಯಾರನ್ನ ಕೇಳಬೇಕ್ರಿ? ಡಿಸ್ಕ್ ಆದ್ರ ಆಕೀನ ಹಾಕ್ಕೊಂತಾಳ, ಆಕೀನ ನೋಡ್ತಾಳ, ಆಕೀನ ಅಳ್ತಾಳ. ಯಾರ ಹಂಗೂ ಇಲ್ಲ."

ನಸುಕಿನಲ್ಲಿ ಏಳುವುದಕ್ಕೆ ಕಾರಣ ಪಕ್ಕದ ವೆಲ್ಡಿಂಗ್ ಅಂಗಡಿ. ಅಲ್ಲಿ ಕೆಲಸ ಶುರುವಾದರೆ ಇಲ್ಲಿ ಬಲ್ಬು ಮಿಣುಕುತ್ತದೆ. ಡಿಸ್ಕ್ ಬರೆಯುವಾಗ ಕರೆಂಟು ಸಣ್ಣಗೆ ನಡುಗಿದರೂ ಆ ಡಿಸ್ಕು ಚಹಾ ಲೋಟದ ಕೆಳಗಿಡುವುದಕ್ಕಷ್ಟೇ ಲಾಯಕ್ಕು. ಹಾಗಾಗಿ ಊರು ಏಳುವ ಮೊದಲೇ ಇವರು ಎದ್ದು, ಒಂದೊಂದನ್ನೂ ಅವಸರ ಮಾಡದೆ, ಯಂತ್ರಕ್ಕೆ ಎಷ್ಟು ನಿಧಾನ ಸಾಧ್ಯವೋ ಅಷ್ಟು ನಿಧಾನವಾಗಿ ಬರೆಯುತ್ತಾರೆ. ಆ ಹೊತ್ತಿಗೆ ಓಣಿಯಲ್ಲಿ ಎಚ್ಚರವಿರುವವರು ಇವರೊಬ್ಬರೇ, ಮತ್ತೆ ಪರದೆಯ ಮೇಲೆ ಅಕ್ಷತೆ ಹಾಕುತ್ತಿರುವ ಜನ. ಅವರಲ್ಲಿ ಎಷ್ಟೋ ಜನ ಈಗ ಇಲ್ಲ. ನಗುನಗುತ್ತ ಸಾಲಾಗಿ ಬಂದು, ಕ್ಯಾಮೆರಾ ಕಡೆ ನೋಡಿ, ಮುಂದೆ ಸರಿಯುತ್ತಾರೆ. ನನ್ನ ಕೈಯಲ್ಲಿನ ಚಹಾ ಆರುತ್ತದೆ. ತಹಸೀನ್ ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಾರೆ.

ಅಬ್ಬಾ ಎಂದರೆ ಅಲ್ಲಾಬಕ್ಷ್, ಒಂದು ಕಾಲಕ್ಕೆ ಈ ಭಾಗದ ಹೆಸರುವಾಸಿ ಮದುವೆ ವಿಡಿಯೊದವರು. ಹೆಗಲ ಮೇಲೆ ಕ್ಯಾಮೆರಾ ಹೊತ್ತು ಊರೂರು ತಿರುಗಿದವರು. ಇಷ್ಟು ಜನರ ಮುಖ ಹಿಡಿದ ಮನುಷ್ಯನ ಒಂದೇ ಒಂದು ಚಿತ್ರ ಮಗಳ ಬಳಿ ಇಲ್ಲ. ಕ್ಯಾಮೆರಾ ಯಾವಾಗಲೂ ಅವರ ಕೈಯಲ್ಲೇ ಇತ್ತಲ್ಲ. ದನಿ ಮಾತ್ರ ಎಲ್ಲ ಕ್ಯಾಸೆಟ್ಟುಗಳಲ್ಲೂ ಅಲ್ಲಲ್ಲಿ ಉಳಿದಿದೆ: ಒಂದು ಕೆಮ್ಮು, ಒಂದು 'ಈ ಕಡಿ ನೋಡ್ರಿ'. ಅಮ್ಮ ಬೇಗ ತೀರಿಕೊಂಡರು, ಅಬ್ಬಾ ಆಮೇಲೆ. ಗಂಡ ಹೈದರಾಬಾದಿಗೆ ಕೆಲಸಕ್ಕೆಂದು ಹೋದವರು ಅಲ್ಲಿಯವರೇ ಆಗಿಬಿಟ್ಟರು. ಅದರ ಬಗ್ಗೆ ಕೇಳಿದರೆ ತಹಸೀನ್ ಡಿಸ್ಕ್ ಒರೆಸಲು ಶುರು ಮಾಡುತ್ತಾರೆ. ಉಳಿದದ್ದು ಈ ಅಂಗಡಿ, ಈ ಕ್ಯಾಸೆಟ್ಟುಗಳು, ಬೆಳಗಿನ ಈ ದನಿ.

"ದಿನಾ ಕೇಳ್ತೀನಲ್ರಿ, ಮನ್ಯಾಗ ಇದ್ದಂಗ ಅದ," ಎನ್ನುತ್ತಾರೆ.

ಗಿರಾಕಿ ಬಂದ ಕೂಡಲೇ ಇವರು ಕೇಳುವ ಮೊದಲ ಪ್ರಶ್ನೆ ಕ್ಯಾಸೆಟ್ಟಿನದಲ್ಲ. "ನಿಮ್ಮ ಮನ್ಯಾಗಿನ ಪ್ಲೇಯರ್ ಎಂಥದ್ದು? ಪೆನ್ ಡ್ರೈವ್ ಹಾಕೋ ತೂತು ಅದ ಏನು?" ಉತ್ತರ ಗೊತ್ತಿಲ್ಲದಿದ್ದರೆ ಪ್ಲೇಯರನ್ನೇ ತರಬೇಕು. ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ಬಸ್ಸಿನಲ್ಲಿ ತರುತ್ತಾರೆ. ಕೆಲವು ಪ್ಲೇಯರುಗಳಿಗೆ ವಿಸಿಡಿ ಮಾತ್ರ ಹಿಡಿಸುತ್ತದೆ. ಅಡ್ಡ ಮುನ್ನೂರ ಐವತ್ತೆರಡು ಚುಕ್ಕಿ, ಮೇಲಿಂದ ಕೆಳಗೆ ಇನ್ನೂರ ಎಂಬತ್ತೆಂಟು ಗೆರೆ, ಅಷ್ಟೇ ಅದರ ಚಿತ್ರ. ಡಿವಿಡಿಯದ್ದು ಅದಕ್ಕಿಂತ ದೊಡ್ಡದು, ಏಳುನೂರ ಇಪ್ಪತ್ತು ಚುಕ್ಕಿ, ಐನೂರ ಎಪ್ಪತ್ತಾರು ಗೆರೆ. ತಪ್ಪು ಜಾತಿಯದು ಬರೆದುಕೊಟ್ಟರೆ ಪ್ಲೇಯರು ಡಿಸ್ಕನ್ನು ಉಗಿದುಬಿಡುತ್ತದೆ.

ನಾವು ಮಾತಾಡುತ್ತಿರುವಾಗಲೇ ಹಿರೇಕೊಟ್ನೆಕಲ್ಲಿನ ಶಿವರಾಜ ಬರುತ್ತಾರೆ. ಭತ್ತ ಬೆಳೆಯುವವರು, ಬೆಳಗಿನ ಮೊದಲ ಬಸ್ಸು ಹಿಡಿದವರು. ಅಪ್ಪನ ಮದುವೆಯ ಕ್ಯಾಸೆಟ್ಟು ತಂದಿದ್ದಾರೆ. ಮನೆಗೆ ಹೊಸ ದೊಡ್ಡ ಟಿ.ವಿ. ಬಂದಿದೆಯಂತೆ, ಎಚ್‌ಡಿಯಲ್ಲೇ ಬೇಕಂತೆ.

"ಕ್ಯಾಸೆಟ್ಟಿನ್ಯಾಗ ಇದ್ದಷ್ಟ ಬರ್ತದ್ರಿ ಅಣ್ಣಾರ. ಒಂದು ಚರಗಿ ನೀರು ತಂದು ಕೊಡಕ್ಕ ಸುರುವಿದ್ರ ಕೊಡ ತುಂಬ್ತದೇನು?"

"ಅಲ್ರಿ ಅಕ್ಕಾರ, ಫೋನಿನ್ಯಾಗ ಮುಖ ಸ್ವಚ್ಛ ಮಾಡೋ ಆ್ಯಪ್ ಬಂದಾವಂತಲ್ಲ?"

"ಬಂದಾವ್ರಿ. ನಾನೂ ಒಮ್ಮಿ ಮಾಡಿ ನೋಡೀನಿ. ಮುಖ ಸ್ವಚ್ಛ ಬರ್ತದ, ಹಲ್ಲು ಬರ್ತಾವ, ರೆಪ್ಪಿಕೂದಲಾ ಬರ್ತಾವ. ಆದ್ರ ಬ್ಯಾರೇ ಯಾರೋ ಬರ್ತಾರ. ನಿಮ್ಮಪ್ಪಾರ ರುಮಾಲು ಸುತ್ತಿಕೊಂಡು ಗುರ್ತಿಲ್ಲದ ಮನಷ್ಯಾ ಒಬ್ಬಾಂವ ನಿಂತು ನಗ್ತಿರ್ತಾನ. ನಿಮಗ ನಡೀತದೇನು?"

ಶಿವರಾಜ ಕ್ಯಾಸೆಟ್ಟಿನ ಧೂಳನ್ನು ಅಂಗಿಯ ತುದಿಯಿಂದ ಒರೆಸುತ್ತಾರೆ. "ಬ್ಯಾಡ್ರಿ, ಹಂಗಾ ಇರಲಿ," ಎಂದು ಕೊಟ್ಟು ಹೋಗುತ್ತಾರೆ. ಅವರು ಹೋದ ಮೇಲೆ ತಹಸೀನ್ ಆ ಕ್ಯಾಸೆಟ್ಟಿನ ಬಾಯಿ ತೆಗೆದು ಒಳಗಿನ ಕಪ್ಪು ಪಟ್ಟಿಯನ್ನು ಬೆಳಕಿಗೆ ಹಿಡಿದು ತೋರಿಸುತ್ತಾರೆ. ಅಲ್ಲಲ್ಲಿ ಸವೆದ ಗೀರುಗಳು. ಕ್ಯಾಸೆಟ್ಟನ್ನು ಪಾಜ್ ಮಾಡಿ ನಿಲ್ಲಿಸಿದರೆ ಯಂತ್ರದ ತಲೆ ಅದೇ ಜಾಗವನ್ನು ಉಜ್ಜುತ್ತಲೇ ಇರುತ್ತದಂತೆ. ಹೆಚ್ಚು ಸಲ ನಿಲ್ಲಿಸಿ ನೋಡಿದ ಮುಖವೇ ಎಲ್ಲಕ್ಕಿಂತ ಮೊದಲು ಅಳಿಸಿಹೋಗುತ್ತದೆ. ಅದಕ್ಕೇ ಈ ಅಂಗಡಿಯಲ್ಲಿ ಯಾರ ಮುಖದ ಮೇಲೂ ಕ್ಯಾಸೆಟ್ಟು ನಿಲ್ಲಿಸುವುದಿಲ್ಲ. ಅಬ್ಬಾ ಹಾಕಿಕೊಟ್ಟ ರೂಢಿ.

ಹಾಗೆಂದ ಮೇಲೆ ನನ್ನ ಕಣ್ಣು ಮೂಲೆಯ ಟಿ.ವಿ.ಯ ಮೇಲೆ ಬೀಳುತ್ತದೆ. ಅದರ ಮೇಲೆ ಬಟ್ಟೆ ಮುಚ್ಚಿದೆ. ಬಟ್ಟೆಯ ಅಂಚಿನಿಂದ ಬೆಳಕು ಮಿಣಿಮಿಣಿ ಎನ್ನುತ್ತಿದೆ. ಅದೇನು ಎಂದು ಕೇಳುತ್ತೇನೆ.

"ಅದು ಡಿಸ್ಕ್. ಡಿಸ್ಕ್ ಸವೆಯಂಗಿಲ್ಲ, ನಿಲ್ಲಿಸಬಹುದು," ಎನ್ನುತ್ತಾರೆ. ಆಮೇಲೆ, "ನೋಡ್ತೀರೇನು? ಭಾಳೊತ್ತು ನೋಡಬ್ಯಾಡ್ರಿ ಮತ್ತ."

ಬಟ್ಟೆ ಎತ್ತುತ್ತಾರೆ. ಮದುವೆ ಊಟದ ಕೊನೆಯ ಪಂಕ್ತಿ. ನೆಲದ ಮೇಲೆ ಕೂತ ಹತ್ತೊಂಬತ್ತು ಇಪ್ಪತ್ತರ ಹುಡುಗಿ, ಮುಂದೆ ಎಲೆ, ಕೈಯಲ್ಲಿ ತುತ್ತು. ಲೈಟು ಬಿದ್ದಿದ್ದಕ್ಕೆ ಮುಖ ಎತ್ತಿದ್ದಾಳೆ. ಚಿತ್ರ ನಿಂತಿದೆ. ಆದರೆ ಅವಳು ನಿಂತಿಲ್ಲ. ಕಣ್ಣು ಮುಚ್ಚುತ್ತಾಳೆ, ತೆರೆಯುತ್ತಾಳೆ, ಮುಚ್ಚುತ್ತಾಳೆ. ತುತ್ತು ಹಿಡಿದ ಕೈ ಒಂದು ನೂಲಿನಷ್ಟು ಮೇಲೇರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಬಾಯಿಯ ತನಕ ಹೋಗುವುದಿಲ್ಲ. ಅವಳ ಅಕ್ಕಪಕ್ಕದಲ್ಲಿ ಕೂತವರೆಲ್ಲ ಕಲ್ಲಾಗಿ ಕೂತಿದ್ದಾರೆ. ಅವಳೊಬ್ಬಳೇ ಸತತವಾಗಿ ಉಣ್ಣಲು ಹೊರಟಿದ್ದಾಳೆ. ನಾನು ಹೆದರಿದೆ ಎಂದು ಬರೆಯಲು ನನಗೆ ಸಂಕೋಚವಿಲ್ಲ.

ಆ ಹುಡುಗಿ ಸವಿತಾ. ಹೊಳೆದಂಡೆಯ ಗೂಗಲ್ ಎಂಬ ಊರಿನ ಹತ್ತಿರದ ಹಳ್ಳಿಯ ಪಕೀರಮ್ಮನ ಮಗಳು. ತಾಯಿ ಮಗಳು ಇಬ್ಬರೂ ಸುಗ್ಗಿಗೆ ಮಾನ್ವಿಯ ಅಕ್ಕಿ ಗಿರಣಿಯೊಂದಕ್ಕೆ ದುಡಿಯಲು ಹೋಗುತ್ತಿದ್ದರು. ಕಣದಲ್ಲಿ ಭತ್ತ ಹರವಿ, ಕಾಲಲ್ಲಿ ಕೆದರಿ ಒಣಗಿಸುವ ಕೆಲಸ. ಗಿರಣಿ ಮಾಲೀಕರ ಮಗಳ ಮದುವೆಯಾದಾಗ ಕೆಲಸದವರೆಲ್ಲ ಕೊನೆಯ ಪಂಕ್ತಿಯಲ್ಲಿ ಉಂಡರು. ಆ ಮದುವೆಯ ವಿಡಿಯೊ ಅಲ್ಲಾಬಕ್ಷರದು. ಅದಾದ ಮಳೆಗಾಲದಲ್ಲಿ ಸವಿತಾಳಿಗೆ ಜ್ವರ ಬಂತು, ಗಂಟಲು ಕಟ್ಟಿತು. ತಾಯಿ ಗಂಜಿ ಹಿಡಿದು ಕೂತಳು. ಒಂದು ಗುಟುಕೂ ಒಳಗೆ ಇಳಿಯಲಿಲ್ಲ. ಮಗಳು ಉಪವಾಸದಲ್ಲೇ ಹೋದಳು. ಅವಳದೊಂದು ಫೋಟೊ ಕೂಡ ಇರಲಿಲ್ಲ.

ಇದೆಲ್ಲ ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಈ ವರ್ಷ ಮಾನ್ವಿಗೆ ಹೋಗಿದ್ದ ಪಕೀರಮ್ಮನಿಗೆ ಗಿರಣಿ ಮಾಲೀಕರ ಹೆಂಡತಿ ಗುರುಶಾಂತಮ್ಮ ಮಾತಿನ ನಡುವೆ ಹೇಳಿದರು: "ನಿನ ಮಗಳು ನಮ್ಮ ಕ್ಯಾಸೆಟ್ಟಿನ್ಯಾಗ ಅದಾಳಲ್ಲ ಪಕೀರಿ, ನೋಡಿಲ್ಲೇನು?" ಕ್ಯಾಸೆಟ್ಟನ್ನೂ ಕೊಟ್ಟರು. ಪಕೀರಮ್ಮನ ಮಗ ಅಂಜಿನೇಯ ಅದನ್ನು ತಹಸೀನ್ ಹತ್ತಿರ ತಂದ. ಚಲೋದರಾಗ ಚಲೋದು ಮಾಡಿಕೊಡ್ರಿ ಅಂದ. ತಹಸೀನ್ ಡಿವಿಡಿ ಮಾಡಿದರು, ಕ್ಯಾಸೆಟ್ಟಿನ ಗೆರೆ ಒಂದನ್ನೂ ಬಿಡದೆ. ಆ ಮಟ್ಟಿಗೆ ಅದು ಸರಿಯಾದ ಕೆಲಸವೇ.

ಎಡವಟ್ಟಾದದ್ದು ಮಹಾನವಮಿ ಅಮಾವಾಸ್ಯೆಯ ದಿನ. ಈ ಕಡೆ ಅಂದು ತೀರಿಕೊಂಡವರಿಗೆ ಎಡೆ ಹಿಡಿಯುತ್ತಾರೆ. ಫೋಟೊದ ಮುಂದೆ ಹೊಸ ಸೀರೆ, ಮಾಡಿದ ಅಡುಗೆ ಇಟ್ಟು, ಊದಿನಕಡ್ಡಿ ಆರುವ ತನಕ ಸುಮ್ಮನೆ ಕೂರುವುದು ಪದ್ಧತಿ. ಫೋಟೊ ಇಲ್ಲದ ಸವಿತಾಳಿಗೆ ಇಷ್ಟು ವರ್ಷ ಬರೀ ಗೋಡೆಗೆ ಎಡೆ ಇಡುತ್ತಿದ್ದರು. ಈ ಸಲ ಟಿ.ವಿ. ಹಚ್ಚಿ, ಅವಳ ಮುಖ ಬಂದಾಗ ಪಾಜ್ ಒತ್ತಿ, ಅದರ ಮುಂದೆ ಇಟ್ಟರು. ಚಿತ್ರ ಕಣ್ಣು ಮಿಟುಕಿಸಿತು. ತುತ್ತು ಎತ್ತಿತು. ಅಕ್ಕಪಕ್ಕದವರು ಓಡಿ ಬಂದರು, ಬಂದಷ್ಟೇ ಬೇಗ ಓಡಿಯೂ ಹೋದರು. ಆಕಿ ಹಸಿದಾಳ, ತುತ್ತು ಬಾಯಿಗೆ ಮುಟ್ಟವಲ್ದು ಅಂದರು ಯಾರೋ. ಅಂದಿನಿಂದ ಪಕೀರಮ್ಮ ಟಿ.ವಿ. ಆರಿಸಿಲ್ಲ. ದಿನವೂ ಹೊಸದಾಗಿ ಎಡೆ ಇಡುತ್ತಾಳೆ. ಮಗಳು ಉಣ್ಣದೆ ತಾನೂ ಉಣ್ಣುವುದಿಲ್ಲ ಎಂದು ಕೂತಿದ್ದಾಳೆ. ಚಹಾದ ಮೇಲೆ ಇದ್ದಾಳೆ.

"ಕ್ಯಾಸೆಟ್ಟಿನ್ಯಾಗ ಒಂದು ಚಿತ್ರ ಅಂದ್ರ ಎರಡು ಚಿತ್ರರಿ," ತಹಸೀನ್ ತಮ್ಮ ಎರಡೂ ಕೈಬೆರಳುಗಳನ್ನು ಒಂದರೊಳಗೊಂದು ಹೆಣೆದು ತೋರಿಸುತ್ತಾರೆ. "ಒಂದು ಬಿಟ್ಟು ಒಂದು ಗೆರಿ ಈ ಕ್ಷಣದ್ದು, ನಡುವಿನ ಗೆರಿ ಮುಂದಿನ ಕ್ಷಣದ್ದು. ಓಡುವಾಗ ಗೊತ್ತಾಗಂಗಿಲ್ಲ. ನಿಲ್ಲಿಸಿದ್ರ ಎರಡೂ ಒಂದರ ಹಿಂದ ಒಂದು ಕಾಣಾಕತ್ತತಾವ. ಆ ಎರಡರ ನಡುವ ಹುಡುಗಿ ಕಣ್ಣು ಮುಚ್ಯಾಳ, ಕೈ ಎತ್ಯಾಳ. ಅಷ್ಟ ಆಗಿದ್ದು. ನನಗ ಗೊತ್ತದ. ಆದ್ರೂ ಆರಿಸಾಕ ಮನಸ್ಸು ಬರವಲ್ದು, ಬಟ್ಟಿ ಮುಚ್ಚೇನಿ, ನೋಡ್ರಿ."

ವಿಷಯ ತಿಳಿದಾಗ ಅವರಿಗೆ ಪರಿಹಾರ ಸುಲಭವೆನಿಸಿತು. ವಿಸಿಡಿಯಲ್ಲಿ ಗೆರೆ ಅರ್ಧಕ್ಕರ್ಧ, ಎರಡರಲ್ಲಿ ಒಂದು ಚಿತ್ರವನ್ನು ಅದು ಬಿಟ್ಟೇಬಿಡುತ್ತದೆ. ಸಣ್ಣದು, ಮಸುಕು, ಆದರೆ ನಿಲ್ಲಿಸಿದರೆ ನಿಲ್ಲುತ್ತದೆ. ಅದನ್ನೇ ಬರೆದು ಅಂಜಿನೇಯನ ಕೈಗೆ ಕೊಟ್ಟು ಕಳಿಸಿದರು, ಮೊದಲಿನದನ್ನು ವಾಪಸು ಇಟ್ಟುಕೊಂಡರು. ಇದು ಸರಿಹೋದೀತು ಎಂದೇ ಈಗಲೂ ನಂಬಿದ್ದಾರೆ.

ಅಂಜಿನೇಯ ಬರುವ ತನಕ. ಹೊತ್ತು ಏರುವ ಮೊದಲೇ ಆತ ಶಟರಿನ ಹತ್ತಿರ ನಿಂತಿರುತ್ತಾನೆ, ಚಪ್ಪಲಿ ಕೂಡ ಬಿಡದೆ.

"ಯಕ್ಕಾ, ಇದು ಇನ್ನಾ ಕೆಟ್ಟಾತ್ರಿ."

"ಯಾಕೋ, ಅಲ್ಲಾಡ್ತದೇನು?"

"ಇಲ್ರಿ. ನಿಂತುಬಿಟ್ಟದ. ಮೊದಲಾದ್ರ ಕೈ ಮ್ಯಾಲ ಹೋಗ್ತಿತ್ತು, ಇವತ್ತಲ್ಲ ನಾಳಿಗಿ ಮುಟ್ಟೀತು ಅಂತ ಅವ್ವಗ ಆಸೆ ಇತ್ತು. ಈಗ ಆಕಿ ಉಣ್ಣಾಕಾ ವಲ್ಲೆ ಅಂದುಬಿಟ್ಟಾಳ ಅಂತಾಳ. ಚಹಾನೂ ಬಿಟ್ಟಾಳ್ರಿ. ಎದ್ದು ನಿಂತ್ರ ಕಣ್ಣಿಗಿ ಕತ್ತಲಿ ಬರ್ತದ ಆಕೀಗಿ." ಆತ ಶಟರಿಗೆ ಕೈಯೂರಿ ನಿಲ್ಲುತ್ತಾನೆ. "ಸತ್ತಾಕಿ ಜೋಡಿ ಇದ್ದಾಕೀನೂ ಹೋಗ್ತಾಳ್ರಿ ಯಕ್ಕಾ."

ತಹಸೀನ್ ಆತನಿಗೆ ಸ್ಟೂಲು ಕೊಟ್ಟು, ನೀರು ಕೊಟ್ಟು, ತಾವು ಹಿಂದಿನ ಕೋಣೆಗೆ ಹೋಗುತ್ತಾರೆ. ಅಲ್ಲಿ ತಗಡಿನ ಕಪಾಟಿದೆ. ಗಿರಾಕಿಗಳಿಗೆ ಕೊಡುತ್ತಿದ್ದ ಕ್ಯಾಸೆಟ್ಟು ಬೇರೆ, ಕ್ಯಾಮೆರಾದಲ್ಲಿ ಓಡಿದ ಅಸಲು ಕ್ಯಾಸೆಟ್ಟು ಬೇರೆ. ಅಸಲನ್ನು ಮಿಕ್ಸಿಂಗಿಗೆ ಕಳಿಸಿ, ಅಲ್ಲಿ ಕತ್ತರಿಸಿ ಅಂಟಿಸಿ, ಮೇಲೆ ಹಾಡು ಕೂಡಿಸಿ ಕೊಡುತ್ತಿದ್ದರು. ಸವಿತಾಳ ತುತ್ತು ಬಾಯಿಗೆ ಮುಟ್ಟಿದ್ದು ಹಾಗೆ ಕತ್ತರಿಸಿದ ಭಾಗದಲ್ಲಿ ಇದ್ದೀತು ಎಂಬುದು ತಹಸೀನ್ ಲೆಕ್ಕ. ಅಸಲಿನ ಮೇಲೆ ಮುಂದಿನ ಮದುವೆ ಹಿಡಿಯುವುದು ವಾಡಿಕೆ. ಇನ್ನೊಂದು ಕಾಪಿ ಕೇಳಬಹುದಾದ ದೊಡ್ಡ ಮನೆಗಳದ್ದನ್ನು ಮಾತ್ರ ಅಬ್ಬಾ ತೆಗೆದಿಡುತ್ತಿದ್ದರಂತೆ, ಲಗ್ನಪತ್ರಿಕೆಯ ತುಂಡೊಂದನ್ನು ಗುರುತಿಗೆ ಅಂಟಿಸಿ. ಮಾನ್ವಿಯ ಗಿರಣಿಯವರ ಲಗ್ನಪತ್ರಿಕೆಯ ತುಂಡು ಕೆಳಗಿನ ಅರೆಯಲ್ಲಿ, ಗೋಡೆಗೆ ತಾಗಿದಲ್ಲಿ ಸಿಗುತ್ತದೆ. ಕ್ಯಾಸೆಟ್ಟಿನ ಪಟ್ಟಿಯ ಮೇಲೆ ಬೆಳ್ಳಗೆ ಬೂಸರ ಹಿಡಿದಿದೆ.

"ಒಮ್ಮಿ ಓಡಬಹುದು," ಎನ್ನುತ್ತಾರೆ. "ಎರಡನೇ ಸಲಕ್ಕ ನಾ ಗ್ಯಾರಂಟಿ ಕೊಡಂಗಿಲ್ಲ."

ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತ ಒರೆಸುತ್ತ ಪಟ್ಟಿಯನ್ನು ಕೈಯಲ್ಲೇ ಸುತ್ತಿ ಸುತ್ತಿ, ಅದು ಮುಗಿಯುವಷ್ಟರಲ್ಲಿ ವೆಲ್ಡಿಂಗ್ ಅಂಗಡಿಯವರು ಬಂದುಬಿಡುತ್ತಾರೆ. ತಹಸೀನ್ ಹೊರಗೆ ಹೋಗಿ ಏನೋ ಹೇಳುತ್ತಾರೆ. ಆಶ್ಚರ್ಯವೆಂದರೆ ಅವರು ಬೀಡಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂರುತ್ತಾರೆ, ಯಂತ್ರ ಮುಟ್ಟುವುದಿಲ್ಲ. ವಿಸಿಡಿಯೋ ಡಿವಿಡಿಯೋ, ಯಾವ ಲೆಕ್ಕದಲ್ಲಿ ಹಿಡಿಯುತ್ತೀರಿ ಎಂದು ನಾನು ಕೇಳುತ್ತೇನೆ. "ಮೊದಲು ಎಲ್ಲಾ ಗೆರಿ, ಎಲ್ಲಾ ದನಿ, ಇದ್ದದ್ದು ಇದ್ದಂಗ. ಇಳಿಸೋದು, ಬಿಡೋದು ಆಮ್ಯಾಲಿನ ಮಾತು," ಎಂದು ಬಟನ್ ಒತ್ತುತ್ತಾರೆ.

ಪರದೆಯ ತುಂಬ ಹಿಟ್ಟು ಚೆಲ್ಲಿದಂತೆ ಬಿಳಿ ಚುಕ್ಕಿಗಳು. ನಡುವೆ ಎಲ್ಲೋ ಒಂದು ಚಪ್ಪರ ಮೂಡುತ್ತದೆ, ಹರಿಯುತ್ತದೆ, ಮತ್ತೆ ಮೂಡುತ್ತದೆ. ಹಾಡಿಲ್ಲ. ಪಾತ್ರೆಯ ಸದ್ದು, ಕೂಸೊಂದರ ಅಳು, ನಾಯಿ ಅಟ್ಟುವ ಹಚಾ ಹಚಾ. ಕೊನೆಯ ಪಂಕ್ತಿ ಬರುತ್ತದೆ. ಲೈಟು ಬೀಳುತ್ತದೆ. ಸವಿತಾ ಮುಖ ಎತ್ತುತ್ತಾಳೆ, ಕಣ್ಣು ಮಿಟುಕಿಸುತ್ತಾಳೆ, ಕೈ ಏರುತ್ತದೆ. ನಾವು ಮೂವರೂ ಪರದೆಯತ್ತ ಬಾಗುತ್ತೇವೆ. ಆಗ ಅಲ್ಲಾಬಕ್ಷರ ದನಿ: "ಲೈಟ್ ಆ ಕಡಿ ತಿರುವೋ. ಉಣ್ಣೋರ ಬಾಯಿಗಿ ಲೈಟ್ ಹಿಡೀಬಾರ್ದು."

ಕ್ಯಾಮೆರಾ ತಿರುಗಿಬಿಡುತ್ತದೆ. ಚಪ್ಪರದ ಬಟ್ಟೆ, ಬಾಳೆ ಕಂಬ, ಹುಗ್ಗಿಯ ಹಂಡೆ. ಅಂಜಿನೇಯ ಹಣೆಗೆ ಕೈ ಹಚ್ಚುತ್ತಾನೆ. ನನಗೆ ಆ ಕ್ಷಣ ಅಲ್ಲಾಬಕ್ಷರ ಮೇಲೆ ಸಿಟ್ಟೇ ಬರುತ್ತದೆ. ಇನ್ನೊಂದು ಕ್ಷಣ ನಿಲ್ಲಬಾರದಿತ್ತೇ ಪುಣ್ಯಾತ್ಮ! ಮಿಕ್ಸಿಂಗಿನವರದ್ದಲ್ಲ ತಪ್ಪು. ತುತ್ತು ಬಾಯಿಗೆ ಮುಟ್ಟಿದ ಚಿತ್ರ ಲೋಕದಲ್ಲೇ ಇಲ್ಲ.

ತಹಸೀನ್ ಮಾತ್ರ ನಿಲ್ಲಿಸುವುದಿಲ್ಲ. ಕೈ ಎತ್ತಿ ನಮ್ಮನ್ನು ಸುಮ್ಮನಿರಿಸುತ್ತಾರೆ. ಪರದೆಯ ಮೇಲೆ ಬರೀ ಹಂಡೆ. ಅದರಾಚೆಯಿಂದ, ಚಿತ್ರದಲ್ಲಿ ಇಲ್ಲದ ಜಾಗದಿಂದ, ನನ್ನ ಬೆನ್ನ ಹಿಂದಿನ ಸ್ಪೀಕರಿನಲ್ಲಿ, ಒಂದು ಹುಡುಗಿಯ ದನಿ:

"ಯಣ್ಣಾ, ಹುಗ್ಗಿ ಇನ್ನೊಂದೀಟು ನೀಡು."

"ಏಟು ಉಣ್ತೀ ಸವಿತಾ," ಬಡಿಸುವವನು ನಗುತ್ತಾನೆ. "ಹೊಟ್ಟ್ಯಾಗ ಜಾಗಾ ಅದ ಏನು?"

"ಅದ, ನೀಡು."

ನಗು. ಸೌಟು ಹಂಡೆಗೆ ತಾಗಿದ ಸದ್ದು. ಒಂದು ಕೆಮ್ಮು. ಆಮೇಲೆ ಬಿಳಿ ಚುಕ್ಕಿಗಳು ಪರದೆಯನ್ನು ನುಂಗುತ್ತವೆ, ಯಂತ್ರ ಕಿರುಗುಟ್ಟಿ ನಿಲ್ಲುತ್ತದೆ. ಕ್ಯಾಸೆಟ್ಟನ್ನು ಹೊರಗೆ ತೆಗೆದಾಗ ಪಟ್ಟಿ ಮುದ್ದೆಯಾಗಿದೆ. ಅದು ಇನ್ನು ಓಡುವುದಿಲ್ಲ. ಅಂಜಿನೇಯ ಎದ್ದು ಹೊರಗೆ ಹೋಗಿ ವೆಲ್ಡಿಂಗಿನವರ ಜೊತೆ ಕಟ್ಟೆಯ ಮೇಲೆ ಕೂರುತ್ತಾನೆ. ಅಕ್ಕ ಹೋದಾಗ ಆತ ಸಣ್ಣವನು. ಅವಳ ದನಿ ಹೇಗಿತ್ತೆಂಬುದು ಈವರೆಗೆ ಗೊತ್ತಿರಲಿಲ್ಲವಂತೆ.

ಡಿಸ್ಕ್ ಬರೆಯುವ ಮುನ್ನ ತಹಸೀನ್ ಬಹಳ ಹೊತ್ತು ಯೋಚಿಸುತ್ತಾರೆ. ದನಿ ಸ್ವಚ್ಛವಾಗಿರಬೇಕು, ಅದಕ್ಕೆ ಡಿವಿಡಿಯೇ. ಆದರೆ ಹೆಣೆದ ಎರಡು ಚಿತ್ರಗಳಲ್ಲಿ ಒಂದನ್ನಷ್ಟೇ ಉಳಿಸುತ್ತಾರೆ, ಎಲ್ಲಿ ನಿಲ್ಲಿಸಿದರೂ ನಡುಗಬಾರದು. ಪರದೆಯ ಮೇಲೆ ಆಯ್ಕೆಯ ಮೆನು ಇಲ್ಲ, ಹಾಕಿದ ಕೂಡಲೇ ತಾನೇ ಶುರುವಾಗಬೇಕು. ಮುಗಿದ ಮೇಲೆ ತಿರುಗಿ ಮೊದಲಿಂದ ಬರಬಾರದು, ಮೆಲ್ಲಗೆ ಕತ್ತಲಾಗಬೇಕು. "ಹೊಳ್ಳಿ ಬಂದ್ರ ಆಕಿ ಮತ್ತ ಹಸಿದು ಕುಂದ್ರತಾಳ," ಎನ್ನುತ್ತಾರೆ, ತಮಾಷೆಗಲ್ಲ. ಅಬ್ಬಾರ ಕೆಮ್ಮನ್ನು ಕತ್ತರಿಸಬೇಕೇ ಬೇಡವೇ ಎಂದು ಒಂದು ಗಳಿಗೆ ಬೆರಳು ತಡೆಯುತ್ತದೆ. ಬಿಡುತ್ತಾರೆ.

ಈ ಸಲ ಡಿಸ್ಕನ್ನು ಅಂಜಿನೇಯನ ಕೈಗೆ ಕೊಡುವುದಿಲ್ಲ. ಬುರ್ಖಾ ಹಾಕಿಕೊಂಡು, ಶಟರು ಇಳಿಸಿ, ತಾವೇ ಹೊರಡುತ್ತಾರೆ. ಗಬ್ಬೂರಿನ ತನಕ ಬಸ್ಸು, ಅಲ್ಲಿಂದ ಟಂಟಂ ಆಟೊ. ದಾರಿಯಲ್ಲಿ ಹತ್ತಿ ಹೊಲ, ಮೆಣಸಿನಕಾಯಿ ಹೊಲ, ಬೆನ್ನು ಸುಡುವ ಬಿಸಿಲು. "ನಮ್ಮಲ್ಲೂ ಸತ್ತೋರಿಗಿ ಫಾತೇಹಾ ಓದಿ ಊಟ ಇಡ್ತೀವ್ರಿ," ಎನ್ನುತ್ತಾರೆ ಒಮ್ಮೆ.

ಮನೆಯ ಬಾಗಿಲು ತೆರೆದೇ ಇದೆ. ಹೊರಗೆ ಕಣ್ಣು ಕುಕ್ಕುವ ಮಧ್ಯಾಹ್ನ, ಒಳಗೆ ಕತ್ತಲೆ. ಆ ಕತ್ತಲೆಯಲ್ಲಿ ಟಿ.ವಿ. ನೀಲಿಯಾಗಿ ಉರಿಯುತ್ತಿದೆ. ಅದರಲ್ಲಿ ತುತ್ತು ಹಿಡಿದ ಸವಿತಾ, ಮಸುಕಾಗಿ, ಅಲುಗದೆ. ಮುಂದೆ ತಾಟಿನಲ್ಲಿ ಅನ್ನ ಒಣಗಿ ಬಿರುಕು ಬಿಟ್ಟಿದೆ. ಗೋಡೆಗೆ ಒರಗಿ ಕೂತ ಮುದ್ದೆಯೊಂದು ಬಟ್ಟೆಯ ಗಂಟು ಎಂದುಕೊಂಡಿದ್ದೆ. ಅದು ಮಾತಾಡುತ್ತದೆ.

"ಬರ್ರಿ. ಸದ್ದು ಮಾಡಬ್ಯಾಡ್ರಿ. ಉಣ್ಣಾಕ ಕುಂತಾಳ."

ಪಕೀರಮ್ಮ ನಮ್ಮ ಕಡೆ ನೋಡುವುದಿಲ್ಲ. ಕಣ್ಣು ಪರದೆಯ ಮೇಲೆಯೇ ಇದೆ. ತಹಸೀನ್ ಚಪ್ಪಲಿ ಬಿಟ್ಟು ಒಳಗೆ ಹೋಗಿ ಆಕೆಯ ಪಕ್ಕದಲ್ಲಿ ನೆಲಕ್ಕೆ ಕೂರುತ್ತಾರೆ, ಮುಖದ ಮೇಲಿನ ಬಟ್ಟೆ ಸರಿಸುತ್ತಾರೆ.

"ಯವ್ವಾ, ನಾ ಕ್ಯಾಸೆಟ್ ಅಲ್ಲಾಬಕ್ಷನ ಮಗಳು. ಇದು ನಾ ಮಾಡಿದ ತಪ್ಪು. ಚಿತ್ರ ನಿಲ್ಲೋದರ ಬಗ್ಗಿ ಅಷ್ಟ ವಿಚಾರ ಮಾಡಿದೆ, ಆಕಿ ಊಟದ ಬಗ್ಗಿ ಮಾಡಲಿಲ್ಲ. ಇದೊಂದು ಸಲ ಹಾಕ್ತೀನಿ. ನೋಡಬ್ಯಾಡ. ಬರೀ ಕೇಳು."

ತಹಸೀನ್ ಹಳೆಯ ಡಿಸ್ಕ್ ತೆಗೆದಾಗ ಪರದೆ ಕಪ್ಪಾಗುತ್ತದೆ. ಆ ಕತ್ತಲೆಯಲ್ಲಿ ಪಕೀರಮ್ಮನ ಗಂಟಲಿನಿಂದ ಹೊರಟ ಸದ್ದನ್ನು ನಾನು ಬರೆಯಲಾರೆ. ಹೊಸ ಡಿಸ್ಕು ಗುಂಯ್‌ಗುಡುತ್ತದೆ. ಚಪ್ಪರ. ಪಂಕ್ತಿ. ಮುಖ ಎತ್ತುವ ಸವಿತಾ. ಕೈ ಏರುತ್ತದೆ, ಕ್ಯಾಮೆರಾ ತಿರುಗುತ್ತದೆ. ಹಂಡೆ.

"ಯಣ್ಣಾ, ಹುಗ್ಗಿ ಇನ್ನೊಂದೀಟು ನೀಡು."

ಪಕೀರಮ್ಮನ ಕುತ್ತಿಗೆ ನೆಟ್ಟಗಾಗುತ್ತದೆ. ಟಿ.ವಿ.ಯತ್ತ ಅಲ್ಲ, ಅವಳು ಬಾಗಿಲ ಕಡೆ ತಿರುಗುತ್ತಾಳೆ, ಯಾರೋ ಒಳಗೆ ಬಂದರೆನ್ನುವ ಹಾಗೆ. ನಾನೂ ಬಾಗಿಲ ಕಡೆ ನೋಡಿದೆ.

"ಏಟು ಉಣ್ತೀ ಸವಿತಾ. ಹೊಟ್ಟ್ಯಾಗ ಜಾಗಾ ಅದ ಏನು?"

"ಅದ, ನೀಡು."

ನಗು, ಸೌಟು, ಕೆಮ್ಮು. ಪರದೆ ಮೆಲ್ಲಗೆ ಕತ್ತಲಾಗುತ್ತದೆ. ಅಂಜಿನೇಯ ಹೊಸ್ತಿಲಲ್ಲೇ ನಿಂತಿದ್ದಾನೆ.

"ನಾಚಿಕಿಲ್ಲದಾಕಿ," ಎನ್ನುತ್ತಾಳೆ ಪಕೀರಮ್ಮ. "ಮಂದಿ ಮನಿ ಮದುವ್ಯಾಗ ಎರಡೆರಡು ಸಲ ಕೇಳ್ಯಾಳ ನೋಡು. ನಾ ಏನು ಮನ್ಯಾಗ ಉಪಾಸ ಇಟ್ಟಿದ್ನೇನ ನಿನಗ?" ಬೈಯುತ್ತ ಬೈಯುತ್ತ ನಗುತ್ತಾಳೆ, ನಗುತ್ತಲೇ ಅಳುತ್ತಾಳೆ. ತಹಸೀನ್ ಆಕೆಯ ಬೆನ್ನು ಸವರುತ್ತಾರೆ.

"ಇನ್ನೊಮ್ಮಿ ಹಾಕಲೇನವ್ವಾ?"

ಪಕೀರಮ್ಮ ನೆಲಕ್ಕೆ ಕೈಯೂರಿ, ಮಗ ಹಿಡಿಯಲು ಬಂದರೂ ಬೇಡವೆಂದು, ತಾನೇ ಎದ್ದು ಗೋಡೆಯ ತನಕ ಹೋಗುತ್ತಾಳೆ. ಸ್ವಿಚ್ ಆರಿಸುತ್ತಾಳೆ.

"ಬ್ಯಾಡ. ಉಂಡಾಳ. ಇನ್ನ ಮಲಕ್ಕೊಳ್ಳಲಿ."

ಆಮೇಲೆ ಮಗನ ಕಡೆ ತಿರುಗಿ, "ಅನ್ನ ಅದ ಏನೋ? ಈಟು ನೀಡು," ಎನ್ನುತ್ತಾಳೆ.

ಆಕೆ ನಾಲ್ಕು ತುತ್ತು ಉಣ್ಣುವ ತನಕ ತಹಸೀನ್ ಅಲ್ಲೇ ಕೂರುತ್ತಾರೆ, ಮುಖ ಬೇರೆ ಕಡೆ ತಿರುಗಿಸಿಕೊಂಡು. ನಾನೂ ತಿರುಗಿಸಿಕೊಳ್ಳುತ್ತೇನೆ.

ಹೊತ್ತು ಇಳಿದ ಮೇಲೆ ಗಬ್ಬೂರಿನ ಬಸ್ ಸ್ಟ್ಯಾಂಡಿನಲ್ಲಿ ರಾಯಚೂರಿನ ಬಸ್ಸಿಗೆ ಕಾಯುತ್ತಿರುವಾಗ, ಇಂಥ ಬರಹಗಳ ಕೊನೆಯಲ್ಲಿ ಎಲ್ಲರೂ ಕೇಳುವುದನ್ನು ನಾನೂ ಕೇಳುತ್ತೇನೆ. ನಿಮಗೇನಾದರೂ ಆಸೆ ಇದೆಯೇ? ಹೊಸ ಯಂತ್ರ, ಅಂಗಡಿಗೊಂದು ಬೋರ್ಡು ಅಂದಾರು ಎಂದುಕೊಂಡಿದ್ದೆ. ತಹಸೀನ್ ಕೈಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಳ್ಳುತ್ತಾರೆ.

"ಯಾವುದಾರ ಕ್ಯಾಸೆಟ್ಟಿನ್ಯಾಗ, ಯಾರ ಮದುವ್ಯಾಗಾದ್ರೂ ಆಗಲಿ, ಒಂದು ಕನ್ನಡ್ಯಾಗ ಬಿದ್ದ ನೆರಳಿನಂಗಾದ್ರೂ ಅಬ್ಬಾ ಒಮ್ಮಿ ಕಾಣಬೇಕ್ರಿ. ಮಸಕ ಇದ್ರೂ ನಡೀತದ. ಅದಕ್ಕ ಇಷ್ಟೆಲ್ಲಾ ಕ್ಯಾಸೆಟ್ ನೋಡಾಕತ್ತೀನಿ." ಬಸ್ಸು ಧೂಳೆಬ್ಬಿಸುತ್ತ ಬರುತ್ತದೆ. ಅವರು ಎದ್ದು ನಿಲ್ಲುತ್ತಾರೆ. "ಸಿಕ್ರ ಮಾತ್ರ ನಾ ನಿಲ್ಲಿಸಂಗಿಲ್ರಿ. ಓಡಾಕ ಬಿಡ್ತೀನಿ."